ಅಪ್ಪ-ಅಮ್ಮಂದಿರು ಹೊರಗೆ ಕೂರತಕ್ಕದ್ದು

ಮಕ್ಕಳಿಗೆ ವೃತ್ತಿ ಮಾರ್ಗದರ್ಶನ ಹೇಗೆ ಕೊಡಬೇಕು ಅನ್ನೋ ಸರ್ಕಾರದ ಇಡೀ ನೀತಿಯನ್ನು ಬರೆದವನು ನಾನೇ. ಸರಿ, ಸುಳ್ಳು. ಬರೆದವರು ಯಾರೋ, ಜೆರಾಕ್ಸ್ ಮಾಡಿದವನು ನಾನು. ಅದರಲ್ಲೂ ಒಂದು ಪುಟ ತಲೆಕೆಳಗು.

ತಮಿಳು ಸೀಮೆಯ ಅಡ್ಯಾರಿನ ಉಚಿತ ಮಾರ್ಗದರ್ಶನ ಕೇಂದ್ರದಲ್ಲಿ ನಾನು ಕನ್ನಡದ ಗುಮಾಸ್ತ, ಸಲಹೆ ಕೊಡುವವರು ನಮ್ಮ ಮೇಡಂ. ನೀತಿಯ ತಿರುಳು ಇಷ್ಟೇ: ಮಕ್ಕಳು ತಮ್ಮ ದಾರಿ ತಾವೇ ಆರಿಸಬೇಕು. ಹಾಗಾಗದಿದ್ದರೆ ಕೇಂದ್ರಕ್ಕೂ ಬೀಗ, ಮೇಡಂ ಕೆಲಸಕ್ಕೂ ಬೀಗ. ಮಕ್ಕಳೇನೋ ರೆಡಿ. ಹೆತ್ತವರು ಬಿಡಬೇಕಲ್ಲ! ಹಾಗಾಗಿ ನಮ್ಮಲ್ಲಿ ದಿನಕ್ಕೊಂದು ಪ್ರಸಂಗ.

ನಮಗೆ ಗಣಿತ ಇಷ್ಟ

ವೇಲಚೇರಿಯ ಒಬ್ಬ ತಾಯಿ ಮಗಳನ್ನು ಕರೆತಂದರು. ಮೇಡಂ ಹುಡುಗಿಯನ್ನು ಕೇಳಿದರು, “ನಿನಗೇನಮ್ಮಾ ಇಷ್ಟ?”

“ನಮಗೆ ಗಣಿತ ಇಷ್ಟ,” ಅಂದರು ತಾಯಿ.

“ರಕ್ತ ನೋಡಿದರೆ ಭಯ ಆಗುತ್ತಾ?”

“ನಮಗೆ ಭಯಾನೇ ಇಲ್ಲ.”

“ಕೋಪ?”

“ನಮಗೆ ಕೋಪ ಬಂದ್ರೆ ಮನೇಲಿ ಯಾರೂ ಉಸಿರೆತ್ತಲ್ಲ.”

ಹುಡುಗಿ ಅಲ್ಲಿವರೆಗೆ ಬಾಯಿ ತೆರೆದದ್ದು ಆಕಳಿಸೋಕೆ ಮಾತ್ರ. ಕಂಪ್ಯೂಟರ್ ಉತ್ತರಗಳನ್ನೆಲ್ಲ ನುಂಗಿ ಫಲಿತಾಂಶ ಕೊಟ್ಟಿತು: ಪೊಲೀಸ್ ಇಲಾಖೆ. ಆಗ ಹುಡುಗಿ ಕೇಳಿದಳು, “ಸೂಪರ್! ಅಮ್ಮ ಯಾವತ್ತು ಡ್ಯೂಟಿಗೆ ಸೇರಬೇಕು?”

ಕಿಟಕಿಯಾಚೆ

ಮೇಡಂ ತಕ್ಷಣ ಬೋರ್ಡ್ ಹಾಕಿಸಿದರು: ಅಪ್ಪ-ಅಮ್ಮಂದಿರು ಹೊರಗೆ ಕೂರತಕ್ಕದ್ದು. ಫೋನಿನಲ್ಲೂ ಉತ್ತರ ಹೇಳಿಕೊಡಬಾರದಲ್ಲ, ಅದಕ್ಕೆ ಒಳಗೆ ಹೋಗುವವರು ಯಾರೇ ಆಗಲಿ, ಮೊಬೈಲ್ ನನ್ನ ಬುಟ್ಟಿಗೆ ಹಾಕಬೇಕು.

ವಡಪಳನಿಯಿಂದ ಬಂದ ಒಬ್ಬ ತಂದೆ ಸಿನಿಮಾದವರಿಗೆ ಡ್ಯಾನ್ಸ್ ಹೇಳಿಕೊಡುವವರು. ಅವರಿಗೆ ಫೋನ್ ಯಾಕೆ? ಕಿಟಕಿಯಾಚೆ ನಿಂತು ಮಗನಿಗೆ ಸನ್ನೆ ಶುರು ಮಾಡಿದರು. ಕೈ ಎತ್ತಿದರೆ ‘ಹೌದು’, ಸೊಂಟ ತಿರುಗಿಸಿದರೆ ‘ಅಲ್ಲ’. ಉಳಿದ ಪೋಷಕರು ನನ್ನನ್ನು ಕೇಳಿದರು, “ಇದೇನು ಸಾರ್?”

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. “ಹೆತ್ತವರಿಗೂ ಪರೀಕ್ಷೆ ಇದೆ. ಗೊತ್ತಿಲ್ವಾ?” ಅಂದೆ.

ಮೇಡಂ ತಲೆಯೆತ್ತಿ ನೋಡಿದರೆ ಕಿಟಕಿ ತುಂಬ ಸೊಂಟಗಳು. ಒಬ್ಬ ಬ್ಯಾಂಕ್ ಮ್ಯಾನೇಜರ್ ಅಂತೂ ಬೆವರೊರೆಸಿಕೊಳ್ಳುತ್ತಾ ಕೇಳಿದರು, “ನಾನು ಪಾಸಾ?”

ಬುಟ್ಟಿಯಲ್ಲಿ ಬಂದ ಕರೆ

ಅದೇ ಹೊತ್ತಿಗೆ, ಕೇಂದ್ರ ಇರಬೇಕೋ ಬೇಡವೋ ತೀರ್ಮಾನಿಸುವ ಅಧಿಕಾರಿ ಮೆಟ್ಟಿಲು ಹತ್ತಿ ಬಂದರು. ಸೊಂಟಗಳನ್ನೆಲ್ಲ ನೋಡಿದರು. ಮೊಬೈಲನ್ನು ಬುಟ್ಟಿಗೆ ಹಾಕಿ ಒಳಗೆ ಹೋದವರೇ, “ಇಲ್ಲಿ ಮಕ್ಕಳು ತಾವಾಗಿ ಆರಿಸೋದೇನು ಬಂತು ಮೇಡಂ? ಮುಚ್ಚೋದೇ ವಾಸಿ,” ಅಂದರು. ಮೇಡಂ ಮುಖ ಇಳಿದುಹೋಯಿತು.

ಬುಟ್ಟಿಯಲ್ಲಿ ಅಧಿಕಾರಿಯ ಫೋನ್ ಹೊಡೆದುಕೊಂಡಿತು. ನೋಡಿದರೆ ‘ಅಮ್ಮ’. ಎತ್ತಿದೆ. ನನ್ನ ತಮಿಳು ಕೇಳುತ್ತಲೇ ಆ ಕಡೆಯಿಂದ, “ನೀವು ಕನ್ನಡದವರಾ? ನಾವೂನೂ! ನನ್ನ ಮಗ ಊಟ ಮಾಡಿದನಾ?”

“ಎಲ್ಲಿ ಅಮ್ಮಾ! ಊಟ ಬಿಟ್ಟು ನಮ್ಮ ಮೇಡಂ ಕೆಲಸ ತೆಗೆಯೋಕೆ ಕೂತಿದ್ದಾರೆ. ಪಾಪ, ಹೆಣ್ಣುಮಗಳು ಒಳಗೆ ಅಳ್ತಿದ್ದಾರೆ.”

ಮೇಡಂ ಅಳುತ್ತಿರಲಿಲ್ಲ. ಆ ಒಗ್ಗರಣೆ ನನ್ನದು.

“ಅವನ ಕೈಗೆ ಫೋನ್ ಕೊಡಿ.”

ಅಧಿಕಾರಿ ಎದ್ದು ನಿಂತೇ ಮಾತಾಡಿದರು. “ಹೂಂ ಅಮ್ಮಾ… ಇಲ್ಲಮ್ಮಾ… ಆಯ್ತಮ್ಮಾ.” ಫೋನ್ ಜೇಬಿಗಿಳಿಸಿ, ಕೆಮ್ಮಿ, ಗಂಭೀರವಾಗಿ ಹೇಳಿದರು, “ಕೇಂದ್ರ ನಡೀಲಿ ಅಂತ ನಾವು ತೀರ್ಮಾನಿಸಿದ್ದೇವೆ.”

“ನಾವು ಅಂದ್ರೆ, ಸಾರ್?” ಮೇಡಂ ಕೇಳಿದರು.

“ಊಟಕ್ಕೆ ಹೊತ್ತಾಯ್ತು,” ಅಂದರು ಅಧಿಕಾರಿ.

ನಂಬಲ್ವಾ? ನಂಬಬೇಡಿ. ಆದರೆ ಕತೆ ಹೇಳ್ತಾ ನಾನು ಕುಡಿದ ಈ ಟೀ ದುಡ್ಡು ನೀವೇ ಕೊಟ್ಟುಬಿಡಿ. ಹೊರಗೆ ಕುಡಿದ ಟೀಗೆ ಕಾಸು ಬಿಚ್ಚಬಾರದು ಅಂತ ನಾವು ತೀರ್ಮಾನಿಸಿದ್ದೇವೆ. ನಾವು ಅಂದ್ರೆ, ನನ್ನ ಹೆಂಡತಿ.