ಉಡದಾರಕ್ಕ ಕಟ್ಟಿದ ಚಾವಿ

ಕರೆಂಟಿನ ಕೆಲಸದಾಗ ನಗು ಯಾವತ್ತೂ ಒಂದು ದಿನ ತಡಾ ಮಾಡಿ ಬರ್ತದ. ಆವತ್ತು ಬರೇ ನಡುಕ. ಮರುದಿನ ಚಾ ಕುಡಿಯೋ ಮುಂದ ಅದನ್ನೇ ನೆನಸ್ಕೊಂಡು ಹೊಟ್ಟಿ ಹಿಡ್ಕೊಂಡು ನಗ್ತೀವಿ. ನಾನು ಕಲಬುರಗಿ, ಕಮಲಾಪುರ ಅಂತ ಇಪ್ಪತ್ತೆರಡು ವರ್ಷದಿಂದ ಲೈನ್‌ಮನ್ ಆಗೀನಿ. ಇಪ್ಪತ್ತೆರಡು ವರ್ಷದಿಂದ ಕರೆಂಟಿಗೆ ಅಂಜ್ತೀನಿ. ಹೇಳ್ಕೊಳ್ಳಾಕ ನಾಚಿಕಿ ಏನಿಲ್ಲ. ಅಂಜದೇ ಇದ್ದ ಗಂಡಸರ ಫೋಟೋಕ್ಕ ನಾನೇ ಹೂವಿನ ಹಾರ ಹಾಕಿ ಬಂದೀನಿ.

ಮೆಂಬರ್ ಆದದ್ದು

ನಮ್ಮ ಸೆಕ್ಷನ್ನಿನಾವ ಒಬ್ಬ ಕಂಬದ ಮ್ಯಾಲ ಇದ್ದಾಗ ಕೆಳಗ ಯಾರೋ ಲೈನಿನ ಸ್ವಿಚ್ ಏರಿಸಿ ಕರೆಂಟ್ ಬಿಟ್ಟುಬಿಟ್ಟರು. ಏರಿಸಿದಾವ ಕೆಟ್ಟಾವ ಅಲ್ಲ, ಮ್ಯಾಲ ಮನಷ್ಯಾ ಅದಾನ ಅಂತ ಅವಗ ಗೊತ್ತಿರ್ಲಿಲ್ಲ, ಅಷ್ಟೇ. ಕಂಬದ ಮ್ಯಾಲಿದ್ದಾವನ ಜೀವ ಉಳೀತು, ಬಲಗೈ ಉಳೀಲಿಲ್ಲ. ದವಾಖಾನಿಗೆ ಹೋಗಿ ಅವನ್ನ ನೋಡಿದೆ. ಎಡಗೈಲೆ ನನ್ನ ಕೈ ಹಿಡ್ಕೊಂಡು, "ಲಗೂನ ಮನಿಗೆ ಹೋಗಪಾ, ನಾಳಿ ನಿನ್ನ ಪಾಳಿ ಅಲ್ಲೇನು" ಅಂದ. ಮರುದಿನ ಅದೇ ಕಂಬ ನಾನು ಏರಬೇಕಾಗಿತ್ತು.

ನಾ ಮನಿಗೆ ಹೋಗ್ಲಿಲ್ಲ. ಸೂಪರ್ ಮಾರ್ಕೆಟ್‌ನಾಗ ಬಟ್ಟಿ ಅಂಗಡಿ ಮ್ಯಾಲ ನಮ್ಮ ಯೂನಿಯನ್ ಆಫೀಸ್ ಅದ, ಅಲ್ಲಿಗೆ ಹೋದೆ. ಕಾರ್ಯದರ್ಶಿ ಕಾಕಾ ಕುಂತಿದ್ದರು. ಅವರೂ ಒಂದು ಕಾಲದ ಲೈನ್‌ಮನ್ನೇ, ಈಗ ರಿಟೈರ್ ಆಗ್ಯಾರ, ಎಡಗೈಯಾಗ ಎರಡು ಬೆರಳಿಲ್ಲ.

"ಮೆಂಬರ್ ಯಾಕ ಆಗ್ತಿ? ಟ್ರಾನ್ಸ್‌ಫರ್ ಬೇಕೇನು?"

"ಇಲ್ರೀ ಕಾಕಾ."

"ಪ್ರಮೋಷನ್?"

"ಇಲ್ರೀ. ಅಂಜಿಕಿ ಬರಾಕತ್ತದರಿ."

ಕಾಕಾ ಚಷ್ಮಾ ತಗದು ಟೇಬಲ್ ಮ್ಯಾಲಿಟ್ಟರು. "ತಮ್ಮಾ, ಈ ಪಾವಟಿಗಿ ಏರಿದವರೆಲ್ಲಾ ಅಂಜಿಕಿಗೇ ಏರ್ಯಾರ. ಬಾಯಿಬಿಟ್ಟು ಹೇಳಿದಾವ ನೀ ಒಬ್ಬಾವ. ಹೊರಗ ಬೋರ್ಡಿನ ಮ್ಯಾಲ 'ಹೋರಾಟ' ಅಂತ ಬರಸೇವಿ. 'ಅಂಜುಬುರುಕರು' ಅಂತ ಬರಸಿದ್ರ ಸಾಹೇಬ್ರು ನಮಗ ಕುಂದ್ರಾಕ ಕುರ್ಚಿ ಕೊಡ್ತಾರೇನು?"

ನಲವತ್ತು ಮಂದಿ, ಒಂದು ಸ್ವಿಚ್ಚು

ಅದೇ ಐತವಾರ ಮೀಟಿಂಗ್ ಕರದರು. ನಲವತ್ತು ಮಂದಿ ಬಂದಿದ್ವಿ. ಕಾಕಾ ಎರಡು ಮಾತು ಹೇಳಿದರು.

"ಒಂದನೇದು, ಇನ್ನ ಮ್ಯಾಲ ಕಂಬ ಏರೋ ಮುಂದ ಸ್ವಿಚ್ಚಿನ ಹಿಡಿಕಿ ಇಳಿಸಿ ಕರೆಂಟ್ ಬಂದ್ ಮಾಡಿ, ಅದಕ್ಕ ಕೀಲಿ ಹಾಕ್ರಿ. ಯಾವಾಂವ ಏರ್ತಾನ, ಚಾವಿ ಅವನ ಹಂತ್ಯಾಕೇ ಇರಬೇಕು. ಅವನೇ ಇಳದು ಬಂದು ತಗೀಬೇಕು. ಬ್ರಹ್ಮ ಬಂದು ಕೇಳಿದ್ರೂ ಚಾವಿ ಕೊಡಬ್ಯಾಡ್ರಿ. ಎರಡನೇದು, ಕಮಲಾಪುರ ಕಡೀಗೆ ಒಬ್ಬೊಬ್ಬರನ್ನೇ ಕಳಸ್ತಾರಲ್ಲ, ಅದು ಬಂದ್ ಆಗಬೇಕು. ಒಬ್ಬ ಏರಿದ್ರ ಇನ್ನೊಬ್ಬ ಕೆಳಗ ಕಾವಲ ನಿಂದ್ರಬೇಕು. ಅದಕ್ಕ ಸಾಹೇಬ್ರಿಗೆ ಅರ್ಜಿ ಕೊಡೋಣ."

ಅಷ್ಟರಾಗ ಗ್ವಾಡಿ ಮ್ಯಾಲಿನ ಸ್ವಿಚ್ ಬೋರ್ಡ್ 'ಚಿರ್‍ರ್' ಅಂತು. ಕಿಡಿ ಹಾರಿತು, ಸುಟ್ಟ ವಾಸನಿ ಬಂತು. ನಲವತ್ತು ಮಂದಿ ಕರೆಂಟಿನವರೂ ಒಮ್ಮಿಗೇ ಎದ್ದು ಎದುರಿನ ಗ್ವಾಡಿಗೆ ಅಂಟಿ ನಿಂತ್ವಿ. ಒಬ್ಬ "ಮೇನ್ ಎಲ್ಲದರೀ?" ಅಂದ. ಮೇನು ಕೆಳಗ ಬಟ್ಟಿ ಅಂಗಡಿಯಾಗ, ಅಂಗಡಿ ಐತವಾರ ಬಂದ್. ಇನ್ನೊಬ್ಬ "ಗ್ಲೌಸ್ ಯಾರ ಹಂತ್ಯಾಕ ಅವ?" ಅಂದ. ಐತವಾರ ನೋಡ್ರಿ, ಎಲ್ಲಾರವೂ ಮನ್ಯಾಗ. ಕಾಕಾ ಮಾತ್ರ ಓಡಲಿಲ್ಲ. ಕಟಿಗಿ ಕುರ್ಚಿ ಮ್ಯಾಲ ಏರಿ ನಿಂತಿದ್ದರು.

ಚಾದಾವ ಕಿಟ್ಲಿ ಹಿಡ್ಕೊಂಡು ಒಳಗ ಬಂದ. ನಮ್ಮನ್ನೂ ನೋಡಿದ, ಬೋರ್ಡನ್ನೂ ನೋಡಿದ. ಟೇಬಲ್ ಮ್ಯಾಲಿನ ಕಟಿಗಿ ಸ್ಕೇಲ್ ತಗೊಂಡು ಟಕ್ ಅಂತ ಸ್ವಿಚ್ ಬಂದ್ ಮಾಡಿದ.

"ಏನ್ರೀಪಾ, ಇಷ್ಟು ಮಂದಿ ಕರೆಂಟಿನವರು ಇದ್ದೀರಿ, ಒಬ್ಬರಿಗೂ ಧೈರ್ಯ ಬರ್ಲಿಲ್ಲೇನು?"

ಕಾಕಾ ಕುರ್ಚಿ ಮ್ಯಾಲಿಂದಾನೇ ಹೇಳಿದರು: "ಧೈರ್ಯ ನಿನಗೇ ಬರಬೇಕು ತಮ್ಮಾ. ನಿನಗ ಕರೆಂಟಿಂದು ಏನೂ ಗೊತ್ತಿಲ್ಲ ನೋಡು."

ಮೋಮಿನಪುರದ ಅಮಾನತ್ತು

ಕೀಲಿ ಬಂದ್ವು. ಅರ್ಜಿ ನಮ್ಮ ಹೊಸಾ ಸಾಹೇಬ್ರ ಬ್ಯಾಗಿನಾಗ ಹೋಗಿ ಕುಂತಿತು. "ನೋಡೋಣ ನೋಡೋಣ" ಅಂತಿದ್ದರು, ನೋಡ್ತಿರ್ಲಿಲ್ಲ.

ಒಂದು ದಿನ ಮೋಮಿನಪುರದಾಗ ಹಿಡಿಕಿಗೆ ಕೀಲಿ ಹಾಕಿ, ಚಾವಿ ಅಂಗಿ ಕಿಸೇದಾಗ ಇಟ್ಕೊಂಡು ಕಂಬ ಏರಿದೆ. ಬ್ಯಾಸಗಿ ಬಿಸಿಲು, ಓಣಿ ಮಂದಿ ಎಲ್ಲಾ ಕೆಳಗ ನಿಂತು "ಕರೆಂಟ್ ಯಾವಾಗ್ರೀ" ಅಂತ ಮ್ಯಾಲೆ ನೋಡಾಕತ್ತಿದ್ದರು. ನಾ ಬಗ್ಗಿದೆ ನೋಡ್ರಿ, ಚಾವಿ ಕಿಸೇದಿಂದ ಜಾರಿ ಟಣ್ ಅಂತ ಕೆಳಗ ಬಿತ್ತು.

ನಾ ಮ್ಯಾಲ, ಚಾವಿ ಕೆಳಗ, ನಡುವ ಇಪ್ಪತ್ತು ಮಂದಿ ಸೆಕಿಗೆ ಬೇಯಾಕತ್ತಾರ. ಅವರಾಗ ಯಾವನಾದ್ರೂ ಒಬ್ಬ "ಕೀಲಿ ತಗದು ನೋಡೋಣ" ಅಂದ್ರ ನನ್ನ ಕಥಿ ಮುಗೀತು. ನಾ ಬೆಲ್ಟ್ ಬಿಚ್ಕೊಂಡು ಇಳಿಯೋದರಾಗ ತಗದೇಬಿಡ್ತಾರ.

ಮೂಲಿ ಮ್ಯಾಲಿನ ಹೋಟೆಲಿನ ಮುದುಕ ಚಾಚಾ ಚಾವಿ ಎತ್ತಿಕೊಂಡ. ಯಾರೋ ಕೀಲಿ ತಗದುಬಿಡು ಅಂತ "ಚಾಚಾ, ಖೋಲ್ ದೇವ್" ಅಂದ್ರು. ಅವ "ನಕ್ಕೋ ಬಾವಾ, ಅಮಾನತ್ ಹೈ, ಇನ್ನೊಬ್ಬರ ಒಡವಿ, ಕಾಯಬೇಕು" ಅಂದವನೇ ಹೋಟೆಲಿಂದ ಕುರ್ಚಿ ತರಿಸಿ, ಸ್ವಿಚ್ಚಿನ ಹಿಡಿಕಿಗೆ ಬೆನ್ನು ಹಚ್ಚಿ, ಚಾವಿ ಮುಷ್ಟಿಯಾಗ ಹಿಡ್ಕೊಂಡು ಕುಂತುಬಿಟ್ಟ. ಬಿರ್ಯಾನಿಗೆ ಗಿರಾಕಿ ಬಂದ್ರೂ ಏಳ್ಲಿಲ್ಲ.

ಕೆಲಸ ಮುಗಿಸಿ ಅರ್ಧ ತಾಸಿನ ಮ್ಯಾಲ ಇಳದು ಹೋಗಿ ಕೈ ಚಾಚಿದೆ. "ಚಾಚಾ, ಚಾವಿ ಕೊಡ್ರಿ."

ಚಾಚಾ ನನ್ನನ್ನ ಮ್ಯಾಲಿಂದ ಕೆಳಗ ನೋಡಿದ. "ನಿಂಗ್ಯಾಕ ಕೊಡ್ಬೇಕು? ಮ್ಯಾಲ ಹೋದಾವ ಬ್ಯಾರೆ ಇದ್ದ. ಅವನ ಮಾರ್ಯಾಗ ರಕ್ತ ಇತ್ತು, ನಿಂದು ಸುಣ್ಣದಂಗ ಬೆಳ್ಳಗ ಆಗ್ಯದ."

ಓಣಿ ಮಂದಿ ಎಲ್ಲಾ ಸಾಕ್ಷಿ ಹೇಳಿದ ಮ್ಯಾಲೇ ಚಾವಿ ಕೈಗೆ ಬಂತು.

ಆವತ್ತು ಮನಿಗೆ ಬಂದು ಚಾವಿ ನನ್ನ ಉಡದಾರಕ್ಕ ಮೂರು ಗಂಟು ಹಾಕಿ ಕಟ್ಟಿದೆ. ನನ್ನ ಹೆಂಡತಿ ರೊಟ್ಟಿ ಬಡಿಯೋದು ಬಿಟ್ಟು ನೋಡಿದಳು. ನಗ್ತಾಳ ಅಂದ್ಕೊಂಡಿದ್ದೆ. "ಇನ್ನೂ ಎರಡು ಗಂಟು ಹಾಕ್ರಿ" ಅಂದಳು. "ನನ್ನ ಕೊರಳಾಗಿನ ತಾಳಿ ಅದರ ಮ್ಯಾಲೇ ನಿಂತದ."

ಬಾಳಿ ತ್ವಾಟದಾಗ

ಇನ್ನ ಕಮಲಾಪುರದ್ದು.

ಸಂತಿ ದಿನ. ಕೆಂಪು ಬಾಳಿ ತ್ವಾಟದ ನಡುವ ತಂತಿ ಹರಕೊಂಡು ಬಿದ್ದಿತ್ತು, ಊರಿಗೆಲ್ಲಾ ಕರೆಂಟ್ ಬಂದ್. ಅರ್ಜಿಗೆ ಸೈ ಆಗಿರ್ಲಿಲ್ಲ, ಹಂಗಾಗಿ ನಾ ಒಬ್ಬನೇ. ರಸ್ತಾದ ಬಾಜೂಕಿನ ಸ್ವಿಚ್ಚಿನ ಹಿಡಿಕಿ ಇಳಿಸಿದೆ, ಕೀಲಿ ಹಾಕಿದೆ. ಉಡದಾರ ಮುಟ್ಟಿ ನೋಡ್ಕೊಂಡೆ, ಚಾವಿ ಅದ. ಏರೋ ಮುಂದ ಕಾಕಾಗೊಂದು ಫೋನ್ ಹಚ್ಚೋದು ನನ್ನ ರೂಢಿ. ಹಚ್ಚಿ, "ಏರ್ತೀನ್ರಿ ಕಾಕಾ" ಅಂದೆ. "ಇಳದ ಮ್ಯಾಲ ಹೇಳು" ಅಂದರು.

ಸ್ವಿಚ್ಚಿನ ಹಂತ್ಯಾಕೇ ಇದ್ದ ತ್ವಾಟದ ಅಂಚಿನ ಕಂಬದ ತುದಿಗೆ ಹೋಗಿ, ಬೆಲ್ಟ್ ಕಟ್ಕೊಂಡು, ಎರಡೂ ಕೈಲೆ ತಂತಿ ಹಿಡದಿದ್ದೆ. ಅಷ್ಟರಾಗ ನಮ್ಮ ಸಾಹೇಬ ಬೈಕಿನ ಮ್ಯಾಲ ಬಂದ. ಅರ್ಜಿ ಬ್ಯಾಗಿನಾಗ ಇಟ್ಕೊಂಡ ಅದೇ ಹೊಸಾ ಸಾಹೇಬ, ಊರು ಹೊಸದು, ಲೈನೂ ಹೊಸದು. ಬಾಳಿ ಎಲಿ ಅಡ್ಡ ಇದ್ವು, ಅವ ಮ್ಯಾಲೆ ನೋಡ್ಲೇ ಇಲ್ಲ. ಫೋನಿನಾಗ ಯಾರೋ ದೊಡ್ಡವರು ಬೈಯಾಕತ್ತಿರಬೇಕು, "ಹೂಂ ಸರ್, ಎರಡು ನಿಮಿಷ ಸರ್, ಈಗ ಕೊಟ್ಟೆ ಸರ್" ಅಂತ ಬಗ್ಗಿ ಬಗ್ಗಿ ಮಾತಾಡಿದ. ಫೋನ್ ಇಟ್ಟು ನೆಟ್ಟಗ ಸ್ವಿಚ್ಚಿನ ಹಂತ್ಯಾಕ ಹೋಗಿ ಹಿಡಿಕಿ ಜಗ್ಗಿದ. ಕೀಲಿ ಬಿಡ್ಲಿಲ್ಲ. ಯೂನಿಯನ್ನಿನವರು ಹಾಕಿ ಮರತು ಹೋಗ್ಯಾರ ಅಂದ್ಕೊಂಡನೋ ಏನೋ, ಸುತ್ತ ನೋಡಿ ಒಂದು ದೊಡ್ಡ ಕಲ್ಲು ಎತ್ತಿದ.

ಒದರಬೇಕು ಅಂತ ಬಾಯಿ ತಗದೆ. ದನಿ ಹೊರಗ ಬರ್ಲಿಲ್ಲ. ಖರೇ ಹೇಳ್ತೀನಿ, ಬರೇ ಗಾಳಿ ಬಂತು. ಕೆಳಗ 'ಠಕ್' ಅಂತ ಮೊದಲನೇ ಪೆಟ್ಟು ಬಿತ್ತು. ದವಾಖಾನಿಯಾಗ ನನ್ನ ಕೈ ಹಿಡಿದ ಆ ಎಡಗೈ ಕಣ್ಣ ಮುಂದ ಬಂತು.

ತಂತಿ ಬಿಟ್ಟು ಫೋನ್ ತಗದೆ. ಸಾಹೇಬ ನಮ್ಮಂಥವರ ಫೋನ್ ಎಂದೂ ಎತ್ತಿದಾವಲ್ಲ. ಕಡೀಕ ಹಚ್ಚಿದ್ದು ಕಾಕಾನ ನಂಬರ್, ಅದನ್ನೇ ಒತ್ತಿದೆ. ಕಾಕಾ ಎತ್ತಿದ ಕೂಡ್ಲೇ ಹೆಂಗೋ ಉಸುರಿದೆ: "ಸಾಹೇಬ... ಕಲ್ಲು... ಕೀಲಿ..." ಕಾಕಾ ಒಂದು ಮಾತೂ ಕೇಳ್ಲಿಲ್ಲ, ಫೋನ್ ಕಟ್ ಮಾಡಿದರು. ನಾ ಫೋನ್ ಕಿಸೇದಾಗ ತುರುಕಿ, ಎರಡೂ ಕೈಲೆ ಕಂಬ ತಬ್ಬಿಕೊಂಡು ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಸಾಹೇಬನ ಮ್ಯಾಲೇ ಇತ್ತು. ಎರಡನೇ ಪೆಟ್ಟು ಬಿತ್ತು. ಮನಿ ದೇವರನ್ನ ಕರದೆ. ಹೆದರಿಕಿಗೆ ಮಗ್ಗಲ ಮನಿ ದೇವರನ್ನೂ ಕರದೆ.

ಸಾಹೇಬನ ಫೋನ್ ಬಡಕೊಂಡಿತು. ದೊಡ್ಡವರದೇ ಇರಬೇಕು ಅಂತ ಕಲ್ಲು ಒಂದು ಕೈಯಾಗ ಹಿಡ್ಕೊಂಡೇ ಎತ್ತಿದ. ಗಡಿಬಿಡಿಯಾಗ ಸ್ಪೀಕರ್ ಒತ್ತಿದನೋ ಏನೋ, ಕಾಕಾನ ತಣ್ಣನ ದನಿ ಮ್ಯಾಲಿನ ತನಕ ಕೇಳಿಸ್ತು.

"ಸಾಹೇಬ್ರ, ನಾ ಯೂನಿಯನ್ ಕಾರ್ಯದರ್ಶಿ, ಕಲಬುರಗಿಯಿಂದ ಮಾತಾಡಾಕತ್ತೀನಿ. ಕೈಯಾಗಿನ ಕಲ್ಲು ಕೆಳಗ ಇಡ್ರಿ."

ಸಾಹೇಬನ ಕೈಯಾಗಿನ ಕಲ್ಲು ತಾನೇ ಬಿತ್ತು. ಎಡಕ್ಕ ನೋಡಿದ, ಬಲಕ್ಕ ನೋಡಿದ, ಹಿಂದಕ್ಕ ತಿರಗಿದ. ಬರೇ ಬಾಳಿ ಗಿಡ.

"ಕೀಲಿ ಬಿಟ್ಟು ನಾಕು ಹೆಜ್ಜಿ ದೂರ ಸರೀರಿ."

ಎಂಟು ಹೆಜ್ಜಿ ಸರದ.

"ಈಗ ಮ್ಯಾಲೆ ನೋಡ್ರಿ. ಅಂವ ನಮ್ಮ ಮನಷ್ಯಾ."

ಮ್ಯಾಲೆ ನೋಡಿದ. ಕಂಬ ಅಪ್ಪಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ನಾ ಇದ್ದೆ. ಸಾಹೇಬ ಅಲ್ಲೇ ನೆಲಕ್ಕ ಕುಸದು ಕುಂತ. "ಅಯ್ಯೋ ಶಿವನೇ, ಕೊಂದೇಬಿಡ್ತಿದ್ನಲ್ಲೋ" ಅಂದ. ಆ ಮಾತಿನಾಗ ಸಾಹೇಬನ ಗತ್ತು ಇರ್ಲಿಲ್ಲ.

ಕೆಲಸ ಮುಗಿಸಿ ಕೆಳಗ ಬರೋದರಾಗ ಅವ ಬ್ಯಾಗಿನಿಂದ ಅರ್ಜಿ ತಗದು, ಬೈಕಿನ ಸೀಟಿನ ಮ್ಯಾಲಿಟ್ಟು ಸೈ ಮಾಡಿದ್ದ. ಸೈ ಸೊಟ್ಟ ಬಂದಿತ್ತು. ಚಾವಿ ತಗೀಬೇಕು ಅಂದ್ರ ನನ್ನ ಕೈ ಉಡದಾರದ ಐದು ಗಂಟಿನ ಮ್ಯಾಲ ನಿಲ್ಲವಲ್ವು. ಕಡೀಕ ಸಾಹೇಬನೇ ಮೊಣಕಾಲೂರಿ ಕುಂತು ಒಂದೊಂದೇ ಗಂಟು ಬಿಚ್ಚಿದ, ಚಾವಿ ಮಾತ್ರ ಮುಟ್ಟಲಿಲ್ಲ. "ನೀನೇ ತಗಿ, ನೀನೇ ತಗಿ" ಅಂದ. ತಗದೆ. ಹಿಡಿಕಿ ಏರಿಸಿದೆ. ದೂರದಿಂದ ಸಂತ್ಯಾಗಿನ ಮೈಕಿನ ಸಪ್ಪಳ ಕೇಳಿಸ್ತು.

ಸಾಹೇಬ ಬೈಕ್ ಏರಿದಾವ ತಿರಗಿ ಇಳದು ಬಂದ. ಬಾಳಿ ಗಿಡದ ಸಾಲುಗಳನ್ನ ಒಂದೊಂದಾಗಿ ನೋಡಿ, ನನ್ನ ಕಿವಿ ಹಂತ್ಯಾಕ ಬಂದು ಸಣ್ಣ ದನೀಲೆ ಕೇಳಿದ: "ಖರೇ ಹೇಳು. ನಿಮ್ಮ ಯೂನಿಯನ್ನಿನವರು ಈ ತ್ವಾಟದಾಗ ಎಷ್ಟು ಮಂದಿ ಅದಾರ?"

ನಾ ಚಾವಿ ತಿರಗಿ ಉಡದಾರಕ್ಕ ಕಟ್ಕೊಂಡೆ. ಆಮ್ಯಾಲ ಹೇಳಿದೆ.

"ಇವತ್ತು ಕಮ್ಮಿ ಬಂದಾರ್ರೀ ಸಾಹೇಬ್ರ. ಸಂತಿ ಅದಲ್ಲ."