ಮಾಮನಿಗೆ ಎಲ್ಲವೂ ‘ಸೆಟ್’

ನಮ್ಮ ಮಾಮನಿಗೆ, ಅಂದರೆ ಅಮ್ಮನ ತಮ್ಮನಿಗೆ, ಇಂಗ್ಲಿಷ್ ಬರುವುದಿಲ್ಲ ಎಂದವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಬರುತ್ತದೆ! ಒಂದೇ ಪದ ಬರುತ್ತದೆ, ನಿಜ. ಆದರೆ ಆ ಒಂದರಲ್ಲಿ ಅವನಿಗಿರುವ ಪಾಂಡಿತ್ಯ ಇಂಗ್ಲೆಂಡಿನವರಿಗಾದರೂ ಇದೆಯೋ ಇಲ್ಲವೋ! ಆ ಪದ ‘ಸೆಟ್’.

ಹರಪನಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅವನ ಕೆಲಸ. ಅಂಗಡಿ ಇರುವುದು ಹೆಸರಿಗೆ. ಕಾಲು ಒಂದು ಕಡೆ ನಿಂತರೆ ತಾನೆ? ಬೆಳಿಗ್ಗೆ ಕೊಟ್ಟೂರು, ಮಧ್ಯಾಹ್ನ ಹಡಗಲಿ, ಬೈಕಿನ ಸೈಲೆನ್ಸರ್ ಆರುವುದೇ ಇಲ್ಲ. ಕುದಿಯುವ ಚಹಾವನ್ನೂ ನಿಂತೇ ಕುಡಿದು ನಾಲಿಗೆ ಸುಟ್ಟುಕೊಳ್ಳುವ ಆಸಾಮಿ. ಹೆಪ್ಪಾದ ಮೊಸರು, ಗಟ್ಟಿಯಾದ ಸಿಮೆಂಟು, ಮುರಿದು ಕೂಡಿದ ಮೂಳೆ, ಜಗಳವಾಡಿ ರಾಜಿಯಾದ ಗಂಡ-ಹೆಂಡತಿ, ಎಲ್ಲಕ್ಕೂ ಅವನದು ಒಂದೇ ಮಾತು: “ಸೆಟ್ ಆತು!”

ಒಮ್ಮೆ ಕೊಟ್ಟೂರಿನ ಹೋಟೆಲಿನವರು ಪಂಪು ಕೆಟ್ಟಿದೆ ಎಂದು ಕರೆಸಿದ್ದರು. ಒಳಗೆ ಹೋದವನೇ “ಸೆಟ್ ಎಲ್ಲೈತ್ರಿ?” ಎಂದ. ಸಪ್ಲೈಯರ್ “ಕುಂದರ್ರಿ, ಬಂತು” ಎಂದು ಸೆಟ್ ದೋಸೆ ತಂದಿಟ್ಟ. ಮಾಮ ಅಷ್ಟನ್ನೂ ತಿಂದು ಕೈ ತೊಳೆಯಲು ಹೋದರೆ ನಲ್ಲಿಯಲ್ಲಿ ಎಲ್ಲಿಯ ನೀರು! “ಹೊಟ್ಟಿ ಸೆಟ್ ಆತು. ಇನ್ನ ನೀರಿನ ಸೆಟ್ ತೋರ್ಸ್ರಿ” ಎಂದನಂತೆ.

ನಾನು ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು. “ಮಾಮ, ಗಣಿತದಾಗೂ ಸೆಟ್ ಐತಿ. ಒಳಗ ಏನೂ ಇಲ್ಲದ ಖಾಲಿ ಸೆಟ್ಟೂ ಐತಿ” ಎಂದೆ.

“ಅದು ಕೆಟ್ರ ನನ್ನ ಕರಿಬ್ಯಾಡವ್ವ!”

ಇಂಥವನಿಗೆ ಅಮ್ಮ ನನ್ನ ಮದುವೆಯ ಮಾತು ವಹಿಸಬೇಕೇ? ಹಡಗಲಿಯ ಗಂಡಿನ ಮನೆಗೆ ಹೋಗಿ ಮಾತಾಡಿಕೊಂಡು ಬಾ ಎಂದು ಕಳಿಸಿದಳು. ಮಧ್ಯಾಹ್ನ ಫೋನು ಬಂತು. “ಯಕ್ಕಾ, ಸೆಟ್ ಆತು!” ಅಷ್ಟೇ, ಕಟ್. ಅಮ್ಮ ಕಣ್ಣೊರೆಸಿಕೊಂಡು ಓಣಿಗೆಲ್ಲ ಸಕ್ಕರೆ ಹಂಚಿದಳು. ಸಂಜೆ ಮಾಮ ಬಂದ, ಮೊಣಕಾಲವರೆಗೆ ಕೆಸರು.

“ದಾರ್ಯಾಗ ಹಂಪಸಾಗರದಾಗ ಒಂದು ಪಂಪು ಕೆಟ್ಟಿತ್ತು. ಈಗ ನೀರು ಹೆಂಗ ಹಾರತೈತಿ ಅಂತಿ!”

“ಮತ್ತ ಗಂಡು?” ಎಂದಳು ಅಮ್ಮ.

“ಅಯ್ಯ! ಅಲ್ಲಿಗೆ ಹೋಗೋದನ್ನ ಮರ್ತ ಬಿಟ್ಟೆ!”

ಅಮ್ಮ ಎಂಟು ದಿನ ಅವನ ಜೊತೆ ಮಾತು ಬಿಟ್ಟಳು. ಮಾಮ ದಿನಾ ಬಂದು ಮನೆಯೊಳಗೆಲ್ಲ ಸುಳಿದಾಡಿದ. ಚೆನ್ನಾಗಿದ್ದ ಮಿಕ್ಸಿಯನ್ನು ಬಿಚ್ಚಿ ಜೋಡಿಸಿದ, ಅದು ಕೆಟ್ಟಿತು. ಒಂಬತ್ತನೇ ದಿನ ಯಾರಿಗೂ ಹೇಳದೆ ಹಡಗಲಿಗೆ ಹೋಗಿ ಬಂದ.

“ಬ್ಯಾಡ ಅಂತ ಹೇಳಿ ಬಂದೆ, ಯಕ್ಕಾ” ಎಂದ. “ಮಂದಿ ಚಲೋ ಅದಾರ. ಆದ್ರ ಮದುವಿ ಆದ ಮ್ಯಾಲ ಈಕಿ ಸಾಲಿ ಬಿಡಬೇಕಂತ. ಹೋದ ವರ್ಷ ಸಾಲಿ ಬೋರು ರಿಪೇರಿಗೆ ಬಂದಾಗ ಈಕಿ ಪಾಠ ಮಾಡೋದನ್ನ ಕಿಟಕ್ಯಾಗ ನಿಂತು ನೋಡೀನಿ. ಒಂದು ತಾಸು ನಿಂತಿದ್ದೆ. ಅದನ್ನ ಬಿಡ್ಸಾಕ ನನಗ ಮನಸಾಗಲಿಲ್ಲ.”

ಒಂದು ತಾಸು! ಈ ಮನುಷ್ಯ!

ಅಮ್ಮ ನನ್ನ ಕಡೆ ತಿರುಗಿ, “ನಿನ್ನ ಮನಸಿನಾಗ ಏನೈತವ್ವ?” ಎಂದಳು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. “ನಾ ಸಾಲಿ ಬಿಡಂಗಿಲ್ಲವ್ವ” ಎಂದೆ. ಹೋಗಿ ಮಾಮನ ಪಕ್ಕ ಕೂತು, ಗ್ರೀಸು ಮೆತ್ತಿದ್ದ ಅವನ ಕೈ ಹಿಡಿದುಕೊಂಡೆ.