ಪಶುಪತಿಯ ನಷ್ಟಮಾಪಕ

"ಇವತ್ತಿಂದ ಹಾಸನದಲ್ಲಿ ಒಬ್ಬನೂ ಕಣ್ಮುಚ್ಕೊಂಡು ಷೇರಿಗೆ ದುಡ್ಡು ಹಾಕೋ ಹಾಗಿಲ್ಲ!"

ಪಕ್ಕದ ಮನೆಯ ಪಶುಪತಿ ತನ್ನ ಜಗುಲಿಯ ಮೇಲೆ ನಿಂತು ಹೀಗೆ ಘೋಷಿಸಿ, ಯಂತ್ರದ ಮೇಲಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದ. ಒಳಗೆ ಮಿಕ್ಸಿಯ ಮೋಟಾರು, ಮಕ್ಕಳ ಸೈಕಲ್ಲಿನ ಮೂರು ಚಕ್ರ, ತಗಡಿನ ಎರಡು ಉದ್ದನೆಯ ಕೈ, ತಲೆಯ ಜಾಗದಲ್ಲಿ ಒಂದು ಕ್ಯಾಮೆರಾ. ಕಬ್ಬಿನ ಹಾಲಿನ ಗಾಡಿ ಮದುವೆಗೆ ಹೊರಟು ನಿಂತಂತಿತ್ತು.

ತಪ್ಪು ನನ್ನದೇ. ಚಕ್ರಬಡ್ಡಿಯ ಲೆಕ್ಕವನ್ನು ಮೂವತ್ತೊಂದು ವರ್ಷ ಹೈಸ್ಕೂಲಿನ ಬೋರ್ಡಿನ ಮೇಲೆ ಮಾಡಿಸಿದವನು ನಾನು; ಸ್ವಂತಕ್ಕೆ ಒಂದು ಸಲವೂ ಮಾಡಿದವನಲ್ಲ. ನಿವೃತ್ತಿಯ ಹಣ ಕೈಗೆ ಬಂದಾಗ ಎಲ್ಲಿ ಹೂಡಬೇಕೆಂದು ತಿಳಿಯದೆ, ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬು ನೋಡಿಕೊಂಡಿದ್ದ ಈ ಪಶುಪತಿಯ ಹತ್ತಿರ ಪಾಠ ಕೇಳಿದೆ. ಕೇಳಬಾರದಿತ್ತು. ದುಡ್ಡೇನೂ ಹೋಗಲಿಲ್ಲ. ಹೋದದ್ದು ತುಂಗಕ್ಕನ ಉಪ್ಪಿನಕಾಯಿ.

ತುಂಗಕ್ಕ ನನ್ನ ದೊಡ್ಡಕ್ಕ. ತೀರಿಕೊಂಡು ನಾಲ್ಕು ವರ್ಷ. ಅವಳು ಕೊನೆಯ ಸಲ ಹಾಕಿಕೊಟ್ಟ ಹೇರಳೆಕಾಯಿ ಉಪ್ಪಿನಕಾಯಿ ಜಾಡಿಯಲ್ಲಿ ಇನ್ನೂ ಕಾಲುಭಾಗ ಉಳಿದಿತ್ತು. ಹಬ್ಬಕ್ಕೊಂದು ಹೋಳು, ಜ್ವರ ಬಿಟ್ಟ ಮೇಲೊಂದು ಹೋಳು. ನಾನು ಇರುವ ತನಕ ಅದೂ ಇರಲಿ ಎಂದು ಎಣಿಸಿಕೊಂಡು ತಿನ್ನುತ್ತಿದ್ದೆ.

"ಮೇಷ್ಟ್ರೇ, ಮೊದಲ್ನೇ ಪಾಠ," ಎಂದ ಪಶುಪತಿ. "ಆರು ತಿಂಗಳ ಮನೆಖರ್ಚು ಪಕ್ಕಕ್ಕಿಡಿ."

"ಇಟ್ಟೆ."

"ಎರಡ್ನೇದು. ಎಲ್ಲಾನೂ ಒಂದೇ ಕಡೆ ಹಾಕ್ಬೇಡಿ."

"ಹಾಕಲ್ಲಪ್ಪ."

"ಮೂರ್ನೇದೇ ಕಷ್ಟ. ಎಷ್ಟು ನಷ್ಟ ಆದ್ರೆ ನಿಮ್ಮ ಕೈಲಿ ತಡ್ಕೊಳಕ್ಕಾಗುತ್ತೆ? ಫಾರಮ್ಮಲ್ಲಿ ಎಲ್ರೂ ಗಂಡೆದೆ ಅಂತ ಬರ್ಕೊಡ್ತಾರೆ. ಷೇರು ಬಿದ್ದ ದಿನ ಹೊದ್ಕೊಂಡು ಮಲಕ್ಕೋತಾರೆ! ನನ್ನ ನಷ್ಟಮಾಪಕ ಪ್ರಶ್ನೆ ಕೇಳಲ್ಲ. ನಿಜವಾಗ್ಲೂ ನಷ್ಟ ಮಾಡಿ ಮುಖ ನೋಡುತ್ತೆ. ನೀವು ಮುಖ ಹಿಂಡಿದ್ರೋ, ಬಾಯಲ್ಲಿ 'ಸಾಕು' ಅಂತ ಬಂತೋ, ಅಲ್ಲಿಗೆ ನಿಂತು ಅಂಕ ಕೊಡುತ್ತೆ."

"ನಿಲ್ಲಿಸೋ ಸ್ವಿಚ್ಚು ಎಲ್ಲಯ್ಯಾ?"

"ಇಟ್ಟಿಲ್ಲ! ಸ್ವಿಚ್ಚಿದ್ರೆ ಜನ ಮೋಸ ಮಾಡ್ತಾರೆ!"

ಅವತ್ತು ನನ್ನ ಹೆಂಡತಿಯ ತಮ್ಮ ಪ್ರಹ್ಲಾದ ಊಟಕ್ಕೆ ಬಂದಿದ್ದ. ತುತ್ತಿಗೊಂದು ಸಲ ಫೋನಿನಲ್ಲಿ ಷೇರಿನ ಬೆಲೆ ನೋಡುವ ಆಸಾಮಿ. ಅವನು ಹಲ್ಲು ಕಿರಿದು, "ಭಾವಂಗೆ ಯಾಕ್ರೀ ಇಷ್ಟು ದೊಡ್ಡ ಯಂತ್ರ? ಕಾಫಿ ಲೋಟ ಎತ್ಕೊಂಡ್ರೂ ಅತ್ತುಬಿಡ್ತಾರೆ!" ಎಂದ.

ಆ ಮಾತು ನನಗೆ ನಾಟಿತು. ಒಂಬತ್ತನೇ ಕ್ಲಾಸಿನ ಹುಡುಗರೆದುರು ನಗು ತಡೆದು ತಡೆದು ಪಳಗಿದ ಮುಖ ನನ್ನದು. ಅದನ್ನು ಕಲ್ಲು ಮಾಡಿಕೊಂಡು, ಯಂತ್ರವನ್ನು ನಾನೇ ಮನೆಗೆ ಕರೆದುಕೊಂಡು ಹೋದೆ. ಅವರಿಬ್ಬರೂ ಹಿಂದೆಯೇ ಬಂದರು.

ಒಳಗೆ ಬಂದದ್ದೇ ಅದು ನನ್ನ ಬಿಸಿ ಕಾಫಿಯನ್ನು ಸಿಂಕಿಗೆ ಸುರಿಯಿತು. ನಾನು ಮಿಸುಕಲಿಲ್ಲ. "ಶೇಕಡ ಐದು!" ಎಂದು ಪಶುಪತಿಯದೇ ಗಂಟಲಿನಲ್ಲಿ ಕೂಗಿತು. ಅರ್ಧ ತುಂಬಿಸಿದ್ದ ಪದಬಂಧವನ್ನು ಹರಿದುಹಾಕಿತು. ಹೊಸ ಚಪ್ಪಲಿಯ ಒಂದು ಕಾಲನ್ನು ಎದುರು ಮನೆಯ ನೀರಿನ ಟ್ಯಾಂಕಿಗೆ ಎಸೆಯಿತು. ಆಮೇಲೆ ಎಲ್ಲಿಂದಲೋ ಕತ್ತರಿ ತೆಗೆದು ನನ್ನ ಮೀಸೆಯ ಎಡಭಾಗವನ್ನು ಕಚಕ್ಕನೆ ಕತ್ತರಿಸಿತು! ನನ್ನಾಕೆ ಸುಗುಣ ಬಾಗಿಲು ಹಿಡಿದುಕೊಂಡು ನಕ್ಕಳು. ನಾನು ಮಾತ್ರ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕುಳಿತಿದ್ದೆ.

"ಶೇಕಡ ನಲವತ್ತು!"

"ಅದ್ಭುತ!" ಪಶುಪತಿ ಕುಣಿದಾಡಿದ. "ಇನ್ನು ಅದು ದೊಡ್ಡ ನಷ್ಟ ಹುಡುಕುತ್ತೆ, ಮೇಷ್ಟ್ರೇ! ಮನೇಲಿ ಯಾವುದನ್ನ ತೀರಾ ಜೋಪಾನವಾಗಿ ಇಟ್ಟಿದೀರೋ ಅದನ್ನ!"

ಬೀರುವಿಗೆ ಹೋಗುತ್ತದೆ ಎಂದುಕೊಂಡೆ. ಅದು ಬೀರುವನ್ನು ದಾಟಿ ಅಡುಗೆಮನೆಗೆ ಹೋಯಿತು. ಮೇಲಿನ ಹಲಗೆಯಲ್ಲಿ, ಒಂದಿಷ್ಟೂ ದೂಳಿಲ್ಲದೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಜಾಡಿ ಕುಳಿತಿತ್ತು. ತಗಡಿನ ಕೈ ಬಟ್ಟೆ ಬಿಚ್ಚಿತು. ಅಡುಗೆಮನೆಯೆಲ್ಲ ತುಂಗಕ್ಕನ ಕೈಯ ವಾಸನೆ.

ಯಂತ್ರ ಜಾಡಿಯನ್ನು ಬಚ್ಚಲಿಗೆ ಒಯ್ದು ಸ್ವಲ್ಪ ವಾಲಿಸಿತು. ಒಂದು ಹೋಳು ಬಿತ್ತು. ನನ್ನ ಮುಖ ನೋಡಿತು. ಇನ್ನೊಂದು ಹೋಳು. ಮತ್ತೆ ನೋಡಿತು. ಪಾಪ, ಅದು ನನಗೆ ಬೇಕಾದಷ್ಟು ಸಮಯ ಕೊಟ್ಟಿತು.

"ರೀ, ಹೇಳ್ರೀ! ಅತ್ತಿಗೆದು ಕಣ್ರೀ ಅದು!" ಎಂದು ಸುಗುಣ ಕೂಗಿದಳು. "ಸಾಕು! ಸಾಕು ನಿಲ್ಸೇ!"

"ಹೂಡಿಕೆದಾರರೇ ಹೇಳಬೇಕು!" ಎಂದಿತು ಯಂತ್ರ.

ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಪ್ರಹ್ಲಾದ ನನ್ನನ್ನೇ ನೋಡುತ್ತಿದ್ದ. ಇನ್ನೊಂದು ಕ್ಷಣ ತಡೆದರೆ ಯಂತ್ರವೇ ಸೋಲುತ್ತದೆ ಎಂದುಕೊಂಡೆ. ಜಾಡಿ ಪೂರ್ತಿ ಬೋರಲಾಯಿತು. ಅಷ್ಟಕ್ಕೇ ಬಿಡದೆ ನಲ್ಲಿ ತಿರುಗಿಸಿ ಜಾಡಿಯನ್ನು ತಿಕ್ಕಿ ತೊಳೆದೂ ಇಟ್ಟಿತು, ದರಿದ್ರದ್ದು!

ಆಗಲೇ ಪ್ರಹ್ಲಾದನ ಫೋನು ಕುಂಯ್ ಎಂದಿತು. ಅವನು ನೋಡಿಕೊಂಡು "ಅಯ್ಯೋ, ಬಿತ್ತಲ್ಲಪ್ಪಾ!" ಎಂದು ತಲೆಯ ಮೇಲೆ ಕೈ ಹೊತ್ತ. ಯಂತ್ರ ಗಿರ್ರನೆ ತಿರುಗಿ ಅವನಿಗೂ ಒಂದು ಚೀಟಿ ಹರಿದು ಕೊಟ್ಟಿತು: ತಡೆಯುವ ಶಕ್ತಿ, ಶೇಕಡ ಅರ್ಧ. ಇಂಥವನೆದುರು ನಾನು ಗಂಡಸುತನ ತೋರಿಸಲು ಹೋಗಿದ್ದೆ!

ಸುಗುಣ ಬಚ್ಚಲ ಹತ್ತಿರ ಕುಳಿತು ಅತ್ತಳು. ಅಕ್ಕ ಬದುಕಿದ್ದಷ್ಟು ದಿನವೂ ಅಕ್ಕನ ಜೊತೆ ಜಗಳವಾಡಿದವಳು ಅವಳು. ಅವಳಿಗೆ ಅಳು ಬಂತು, ನನಗೆ ಬರಲಿಲ್ಲ. 'ಸಾಕು' ಎಂಬುದು ಎಳೇ ಮಗು ಕೂಡ ಹೇಳುವ ಮಾತು. ಅಷ್ಟನ್ನು ಹೇಳಲಾರದೆ ಹೋದೆನಲ್ಲ ಎಂದು ಈಗಲೂ, ಊಟಕ್ಕೆ ಕುಳಿತಾಗೆಲ್ಲ, ನನ್ನನ್ನೇ ಶಪಿಸಿಕೊಳ್ಳುತ್ತೇನೆ.

ಮರುದಿನ ಹಣವನ್ನೆಲ್ಲ ಬ್ಯಾಂಕಿನಲ್ಲಿ ಠೇವಣಿ ಇಟ್ಟೆ. ಕೌಂಟರಿನ ಹುಡುಗಿ, "ಬಡ್ಡಿ ಕಮ್ಮಿ ಸಾರ್. ನಿಮ್ಮನ್ನ ನೋಡಿದ್ರೆ ಗಟ್ಟಿ ಮನುಷ್ಯರ ಹಾಗೆ ಕಾಣ್ತೀರಾ, ಸ್ವಲ್ಪ ರಿಸ್ಕ್ ತಗೋಬಹುದಲ್ಲ?" ಎಂದಳು.

"ಮುಖ ನೋಡಿ ಬರ್ಕೋಬೇಡಮ್ಮ," ಎಂದೆ. "ನನ್ನ ಕೈಲಿ ಏನೂ ತಡ್ಕೊಳಕ್ಕಾಗಲ್ಲ."

ನಷ್ಟಮಾಪಕ ನನಗೆ ನೂರಕ್ಕೆ ನೂರರ ಚೀಟಿ ಕೊಟ್ಟಿದೆ. ಪಶುಪತಿ ಆ ಚೀಟಿಗೆ ಕಟ್ಟು ಹಾಕಿಸಿ ನಮ್ಮ ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಹೋಗಿದ್ದಾನೆ. ಯಂತ್ರವಂತೂ ನಾನು ವಾಕಿಂಗಿಗೆ ಹೊರಟರೆ ಸಾಕು, ಗೇಟು ದಾಟಿ ಹಿಂದೆಯೇ ಉರುಳಿಕೊಂಡು ಬಂದು, "ದಾರಿ ಬಿಡಿ! ಯಾವ ನಷ್ಟವೂ ತಾಗದ ಮಹಾನುಭಾವರು ಬರುತ್ತಿದ್ದಾರೆ!" ಎಂದು ಬೀದಿಗೆಲ್ಲ ಸಾರುತ್ತದೆ. ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಬಿದ್ದದ್ದು ನನ್ನ ಜನ್ಮದಲ್ಲಿ ಇದೊಂದೇ ಸಲ.